ಕಾಲಡಿಯ ಸವಕಳಿ

ಹೋದ ಭಾನುವಾರ ಬೆಳಿಗ್ಗೆ ಹಾಸನದ ನಮ್ಮ ಮನೆ ಮುಂದೆ ಮಗ ಬೈಕ್ ಸ್ಟಾರ್ಟ್ ಮಾಡಿಕೊಂಡು ಕೂತಿದ್ದ. ಆರನೇ ತರಗತಿ ಓದುವ ಮೊಮ್ಮಗಳು ಸಂಗೀತದ ಪಾಠಕ್ಕೆ ಹೊರಟಿದ್ದಳು. ಹಿಂದಿನ ಫುಟ್‌ರೆಸ್ಟ್ ಮೇಲೆ ಎಡಗಾಲಿಟ್ಟು, ಅಪ್ಪನ ಹೆಗಲು ಹಿಡಿದು ಮೇಲೇಳುವಷ್ಟರಲ್ಲಿ ಅವಳ ಕಾಲು ಸರ್ರನೆ ಜಾರಿತು. ಪುಣ್ಯಕ್ಕೆ ಬೀಳಲಿಲ್ಲ. ಅಪ್ಪನ ಅಂಗಿ ಹಿಡಿದುಕೊಂಡು ಉಳಿದಳು.

"ಚಪ್ಪಲಿ ಜಾರಿರುತ್ತೆ, ಹತ್ತು ಬೇಗ" ಅಂದ ಮಗ, ತಿರುಗಿ ನೋಡದೆ.

ಜಗಲಿಯಲ್ಲಿ ಪೇಪರ್ ಓದುತ್ತಿದ್ದ ನಾನು ಎದ್ದು ಬಂದೆ. "ಗಾಡಿ ಆಫ್ ಮಾಡಪ್ಪ" ಅಂದೆ. ಈ ವಯಸ್ಸಿನಲ್ಲಿ ಕುಕ್ಕುರುಗಾಲಿನಲ್ಲಿ ಕೂರುವುದು ಸುಲಭವಲ್ಲ. ಆದರೂ ಗೇಟು ಹಿಡಿದುಕೊಂಡು ಕೂತೆ. ಮೊಮ್ಮಗಳೂ ಪಕ್ಕದಲ್ಲಿ ಕೂತಳು.

ಮುಂದಿನ ಎರಡು ಫುಟ್‌ರೆಸ್ಟ್‌ಗಳ ರಬ್ಬರ್ ಚೆನ್ನಾಗಿತ್ತು. ಗೀರುಗಳು ಬೆರಳಿಗೆ ಸಿಗುತ್ತಿದ್ದವು. ಹಿಂದೆ ಬಲಗಡೆಯದು ಹೊಸದರಂತೆಯೇ ಇತ್ತು. ಎಡಗಡೆಯದು ಮಾತ್ರ ಹುಣಿಸೆ ಬೀಜದ ಹಾಗೆ ನುಣ್ಣಗಾಗಿತ್ತು. ತುದಿಯಲ್ಲಿ ರಬ್ಬರ್ ಹರಿದು, ಒಳಗಿನ ಕಬ್ಬಿಣ ಹೊಳೆಯುತ್ತಿತ್ತು.

"ತಾತ, ಎಡಗಡೇದು ಮಾತ್ರ ಯಾಕೆ ಬೋಳಾಗಿದೆ?" ಅಂತ ಕೇಳಿದಳು.

ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಗಾಡಿಗಳು ರಸ್ತೆಯ ಎಡಕ್ಕೆ ನಿಲ್ಲುತ್ತವೆ. ಸೈಡ್ ಸ್ಟ್ಯಾಂಡ್ ಇರುವುದೂ ಎಡಕ್ಕೆ. ಆದ್ದರಿಂದ ಹತ್ತುವವರು, ಇಳಿಯುವವರು ಎಲ್ಲರೂ ಎಡಗಡೆಯ ಫುಟ್‌ರೆಸ್ಟನ್ನೇ ತುಳಿಯುತ್ತಾರೆ. ಸೀರೆ ಉಟ್ಟ ಹೆಂಗಸರು ಒಂದು ಪಕ್ಕಕ್ಕೆ ಕೂತರೆ ಅವರ ಭಾರವೂ ಎಡಗಡೆಗೇ. ಬಲಗಡೆಯದು ವರ್ಷಗಟ್ಟಲೆ ರಜೆಯಲ್ಲಿ ಇದ್ದ ಹಾಗೆ ಇರುತ್ತದೆ.

ಇನ್ನೊಂದು ಮಾತನ್ನು ಅವಳಿಗೆ ಆಗ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ಮುಂದಿನ ರಬ್ಬರ್ ಸವೆದರೆ ಓಡಿಸುವವನ ಕಾಲಿಗೇ ಗೊತ್ತಾಗುತ್ತದೆ. ಹಿಂದಿನದು ಸವೆದರೆ ಗೊತ್ತಾಗುವುದು ಹಿಂದೆ ಕೂತವರಿಗೆ ಮಾತ್ರ. ಅವರು ಸಾಮಾನ್ಯವಾಗಿ ಬಾಯಿ ಬಿಟ್ಟು ಹೇಳುವುದಿಲ್ಲ. ಓಡಿಸುವವನು ಕೇಳುವುದೂ ಇಲ್ಲ. ಇದು ನನಗೆ ಗೊತ್ತಾದ ಬಗೆಯನ್ನು ಹೇಳಲೆಂದೇ ಈ ಲೇಖನ ಬರೆಯಲು ಕೂತದ್ದು.

ಪುಸ್ತಕದಲ್ಲಿ ಬರೆಯದ ಖರ್ಚು

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕೆಲಸ ಶುರುವಾದದ್ದು ಚನ್ನರಾಯಪಟ್ಟಣದಲ್ಲಿ. ಆಮೇಲೆ ಹೊಳೆನರಸೀಪುರ, ಅರಕಲಗೂಡು, ಕೊನೆಗೆ ಹಾಸನ. ಇಡೀ ನೌಕರಿ ಒಂದೇ ಜಿಲ್ಲೆಯ ನಾಲ್ಕು ಊರುಗಳಲ್ಲಿ ಮುಗಿಯಿತು. ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರಿಗಳ ಚೆಕ್ಕು, ಅರಕಲಗೂಡಿನಲ್ಲಿ ಹೊಗೆಸೊಪ್ಪು, ಆಲೂಗಡ್ಡೆ ಬೆಳೆಯುವವರ ಸಾಲದ ಕಾಗದ. ಕೂಡಿ ಕಳೆದು ಬರೆದಿಡುವುದು ಕೈಗೆ ಅಂಟಿದ ಚಾಳಿ. ಮನೆಯಲ್ಲೂ ಗಾಡಿಗೆಂದು ಒಂದು ಪುಸ್ತಕ ಇಟ್ಟಿದ್ದೆ. ಪೆಟ್ರೋಲ್, ಆಯಿಲ್, ಪಂಕ್ಚರ್, ಯಾವುದನ್ನೂ ಬಿಡದೆ ಬರೆಯುತ್ತಿದ್ದೆ.

ಗಾಡಿ ಯಾವುದು ಅಂದರೆ ಯೆಜ್ಡಿ. ನಮ್ಮ ಕಡೆ ಆಗ ಅದಕ್ಕೆ ಬಹಳ ಮರ್ಯಾದೆ, ಯಾಕೆಂದರೆ ಅದು ನಮ್ಮದೇ ಮೈಸೂರಿನ ಗಾಡಿ. 1960ರಲ್ಲಿ ಹುಟ್ಟಿದ ಐಡಿಯಲ್ ಜಾವಾ ಕಂಪನಿ ಚೆಕೊಸ್ಲೊವಾಕಿಯಾದ ಜಾವಾ ಗಾಡಿಯನ್ನು ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಿಸುತ್ತಿತ್ತು. ಎಪ್ಪತ್ತರ ದಶಕದಲ್ಲಿ ಅದರ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಇತ್ತೀಚೆಗೆ ಎರಡೂ ಹೆಸರುಗಳು ಹೊಸ ಗಾಡಿಗಳ ಮೇಲೆ ಮತ್ತೆ ಬಂದಿವೆ.

ಆ ಗಾಡಿಯ ಒಂದು ವಿಶೇಷ ಮಕ್ಕಳಿಗೆ ಹೇಳಲೇಬೇಕು. ಅದರ ಕಿಕ್ಕರ್ ಮತ್ತು ಗೇರಿನ ಲಿವರ್ ಎರಡೂ ಒಂದೇ! ಎಡಗಡೆ ಇದ್ದ ಆ ಲಿವರನ್ನು ಒತ್ತಿ ಹಿಂದಕ್ಕೆ ತಿರುಗಿಸಿ ನಿಲ್ಲಿಸಿದರೆ ಕಿಕ್ಕರ್. ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಂದರೆ ಅದೇ ಗೇರು. ಹಾಗಾಗಿ ಅದರ ತುದಿಯ ರಬ್ಬರಿಗೆ ಎರಡು ಪಟ್ಟು ಕೆಲಸ. ಅದು ಸವೆದರೆ ಕಿಕ್ ಹೊಡೆಯುವಾಗ ಕಾಲು ಜಾರಿ, ಲಿವರ್ ಮೊಣಕಾಲಿನ ಕೆಳಗಿನ ಮೂಳೆಗೆ ಬಡಿಯುತ್ತಿತ್ತು. ಒಮ್ಮೆ ಬಡಿಸಿಕೊಂಡವನು ಆ ರಬ್ಬರನ್ನು ಎಂದೂ ಮರೆಯುವುದಿಲ್ಲ. ನಾನೂ ಮರೆಯಲಿಲ್ಲ.

1984ರ ಜೂನ್‌ನಲ್ಲಿ, ಮಳೆಗಾಲಕ್ಕೆ ಮುಂಚೆ, ಹೊಳೆನರಸೀಪುರದ ಒಬ್ಬ ಮೆಕ್ಯಾನಿಕ್ ಹತ್ತಿರ ಗಾಡಿ ಬಿಟ್ಟೆ. ಲಿವರಿನ ರಬ್ಬರ್, ಮುಂದಿನ ಫುಟ್‌ರೆಸ್ಟಿನ ಜೊತೆ ರಬ್ಬರ್ ಹೊಸದು ಹಾಕಿದರು. "ಹಿಂದಿನದೂ ಹಾಕ್ಬಿಡ್ಲಾ ಸಾರ್?" ಅಂತ ಕೇಳಿದರು. "ಬೇಡ, ಇನ್ನೂ ನಡೆಯುತ್ತೆ" ಅಂದೆ. ಉಳಿದ ಹಣ ಎಷ್ಟು? ಆಗಿನ ಲೆಕ್ಕದಲ್ಲಿ ಎರಡು ಮಸಾಲೆ ದೋಸೆ, ಎರಡು ಕಾಫಿ.

ಅದೇ ವರ್ಷ ಶ್ರಾವಣದಲ್ಲಿ ಅರಕಲಗೂಡಿನ ನೆಂಟರ ಮನೆಯಲ್ಲಿ ನಾಮಕರಣವಿತ್ತು. ಊಟ ಮುಗಿಸಿ ಹೊರಡುವಷ್ಟರಲ್ಲಿ ಆಶ್ಲೇಷ ಮಳೆ ಹಿಡಿಯಿತು. ಮೂರು ವರ್ಷದ ಮಗನನ್ನು ಮಡಿಲಲ್ಲಿ ಇಟ್ಟುಕೊಂಡು ಹೆಂಡತಿ ಹಿಂದೆ ಕೂತಳು. ಒಂದೇ ಗಾಡಿಯಲ್ಲಿ ಮೂವರು. ಅದು ಮೊದಲನೆಯ ತಪ್ಪು. ಆಗ ಎಲ್ಲರೂ ಹಾಗೆಯೇ ಹೋಗುತ್ತಿದ್ದರು ಎಂಬುದು ಸಮಜಾಯಿಷಿ ಆಗುವುದಿಲ್ಲ.

ದಾರಿಯುದ್ದಕ್ಕೂ ಏನೂ ಆಗಲಿಲ್ಲ. ಹೊಳೆನರಸೀಪುರಕ್ಕೆ ಬಂದು ಮನೆ ಮುಂದೆ ಗಾಡಿ ನಿಲ್ಲಿಸಿದೆ. ಅವಳು ಮಗುವನ್ನು ಎತ್ತಿಕೊಂಡು, ಫುಟ್‌ರೆಸ್ಟ್ ಮೇಲೆ ಭಾರ ಬಿಟ್ಟು ಇಳಿಯಲು ಹೋದಳು. ಒದ್ದೆ ಹವಾಯಿ ಚಪ್ಪಲಿ, ಬೋಳು ರಬ್ಬರ್. ಕಾಲು ಜಾರಿ ಕೆಳಗೆ ಬಿದ್ದಳು. ಕೈ ಊರಿದ್ದರೆ ಅವಳಿಗೆ ಅಷ್ಟು ಪೆಟ್ಟಾಗುತ್ತಿರಲಿಲ್ಲ. ಎರಡೂ ಕೈಯಲ್ಲಿ ಮಗುವನ್ನು ಅವಚಿಕೊಂಡಿದ್ದರಿಂದ ಕೈ ಊರಲಿಲ್ಲ. ಇಡೀ ಭಾರ ಪಾದದ ಗಂಟಿನ ಮೇಲೆ ಬಿತ್ತು. ಮಗುವಿಗೆ ಒಂದು ಗೀರೂ ಆಗಲಿಲ್ಲ. ಅವಳ ಕಾಲಿನ ಮೂಳೆ ಬಿರುಕು ಬಿಟ್ಟು, ಆರು ವಾರ ಸಿಮೆಂಟ್ ಪಟ್ಟಿ ಹಾಕಿದರು.

ಆಮೇಲೊಂದು ದಿನ ಅವಳು ಹೇಳಿದಳು: "ನಂಗೆ ಗೊತ್ತಿತ್ತು ಕಣ್ರೀ, ಅದು ಜಾರ್ತಾ ಇತ್ತು."

"ಹೇಳಬಾರದಿತ್ತಾ?"

"ಬ್ಯಾಂಕಿಂದ ಸುಸ್ತಾಗಿ ಬರ್ತೀರಿ. ಇದನ್ನೇನು ಹೇಳೋದು ಅಂತ ಸುಮ್ಮನಿದ್ದೆ."

ಬಿ.ಕಾಂ.ನಲ್ಲಿ ನಮಗೆ 'ಸವಕಳಿ' ಅಂತ ಒಂದು ಪಾಠ ಇತ್ತು. ಯಂತ್ರವಾಗಲಿ, ಮೇಜು ಕುರ್ಚಿಯಾಗಲಿ, ಬಳಸಿದಂತೆ ಅದರ ಬೆಲೆ ಇಳಿಯುತ್ತದೆ. ಇಳಿದಷ್ಟನ್ನು ಪ್ರತಿ ವರ್ಷ ಲೆಕ್ಕದಲ್ಲಿ ತೋರಿಸಬೇಕು. ತೋರಿಸದಿದ್ದರೆ ಲಾಭ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ, ಮುಂದೆ ಒಮ್ಮೆಲೇ ಪೆಟ್ಟು ಬೀಳುತ್ತದೆ. ಆ ಪಾಠದಲ್ಲಿ ನನಗೆ ಒಳ್ಳೆಯ ಅಂಕ ಬಂದಿತ್ತು. ಆದರೂ ಆ ಜೂನ್ ತಿಂಗಳ ನನ್ನ ಪುಸ್ತಕದಲ್ಲಿ 'ಮುಂದಿನ ರಬ್ಬರ್ 1 ಜೊತೆ' ಎಂದು ಇದೆ, ಹಿಂದಿನದರ ಮಾತೇ ಇಲ್ಲ.

ರಬ್ಬರ್ ಯಾಕೆ ಸೋಲುತ್ತದೆ?

ಫುಟ್‌ರೆಸ್ಟ್ ಎಂದರೆ ಒಂದು ಕಬ್ಬಿಣದ ತುಂಡು. ಅದಕ್ಕೆ ರಬ್ಬರ್ ತೊಡಿಸುವುದು ಚಂದಕ್ಕಲ್ಲ. ಅದಕ್ಕೆ ಎರಡು ಕೆಲಸ ಇದೆ. ಒಂದು, ಇಂಜಿನ್ನಿನ ನಡುಕ ಕಾಲಿಗೆ ತಲುಪದಂತೆ ತಡೆಯುವುದು. ಬರೀ ಕಬ್ಬಿಣದ ಮೇಲೆ ಕಾಲಿಟ್ಟು ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗಿ ನೋಡಿ, ಇಳಿಯುವಾಗ ಪಾದ ಜೋಮು ಹಿಡಿದಿರುತ್ತದೆ. ಎರಡು, ಹಿಡಿತ. ರಬ್ಬರಿನ ಮೇಲಿನ ಗೀರುಗಳು ಇರುವುದು ನೀರು, ಕೆಸರು ಪಕ್ಕಕ್ಕೆ ಸರಿಯಲಿ ಎಂದು. ನೀರು ಸರಿದರೆ ಚಪ್ಪಲಿ ರಬ್ಬರಿಗೆ ಅಂಟಿ ನಿಲ್ಲುತ್ತದೆ. ಗೀರು ಸವೆದರೆ ನೀರಿಗೆ ಹೋಗಲು ಜಾಗವಿಲ್ಲ. ಚಪ್ಪಲಿಗೂ ರಬ್ಬರಿಗೂ ನಡುವೆ ನೀರಿನ ಪೊರೆ ನಿಲ್ಲುತ್ತದೆ, ಕಾಲು ಆ ಪೊರೆಯ ಮೇಲೆ ಜಾರುತ್ತದೆ. ಬೋಳು ಟೈರು ಮಳೆಯಲ್ಲಿ ಜಾರುವುದೂ ಇದೇ ಕಾರಣಕ್ಕೆ.

ರಬ್ಬರ್ ಮೂಲತಃ ಮರದ ಹಾಲು. ಈ ಮರ ಹುಟ್ಟಿದ್ದು ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನಲ್ಲಿ. ಈಗ ನಾವು ಶಿರಾಡಿ ಘಾಟಿ ಇಳಿದರೆ ಸಾಕು, ಬೆಳ್ತಂಗಡಿ, ಪುತ್ತೂರು, ಸುಳ್ಯದ ಕಡೆ ತೋಟಗಳೇ ಸಿಗುತ್ತವೆ. ಬೆಳಗಿನ ಜಾವ ತೊಗಟೆಯನ್ನು ಓರೆಯಾಗಿ ಕೆತ್ತಿದರೆ ಹಾಲು ಗೆರೆಯಗುಂಟ ಇಳಿದು ಚಿಪ್ಪಿಗೆ ಬೀಳುತ್ತದೆ. ಅದಕ್ಕೆ ಆಸಿಡ್ ಬೆರೆಸಿ ಹೆಪ್ಪು ಹಾಕಿ, ಹಾಳೆ ಮಾಡಿ, ಹೊಗೆಯಲ್ಲಿ ಒಣಗಿಸುತ್ತಾರೆ. 1770ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಈ ವಸ್ತು ಪೆನ್ಸಿಲ್ ಗೆರೆಯನ್ನು ಉಜ್ಜಿ ಅಳಿಸುತ್ತದೆ ಎಂದು ಬರೆದ. ಇಂಗ್ಲಿಷಿನಲ್ಲಿ ಉಜ್ಜುವುದಕ್ಕೆ 'ರಬ್' ಅನ್ನುತ್ತಾರಲ್ಲ, ರಬ್ಬರ್ ಎಂಬ ಹೆಸರು ಅದರಿಂದಲೇ ಬಂತು.

ಹಸಿ ರಬ್ಬರ್ ಬಿಸಿಲಿಗೆ ಅಂಟಂಟು, ಚಳಿಗೆ ಗಟ್ಟಿ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಸೇರಿಸಿ ಕಾಯಿಸಿದರೆ ಗಟ್ಟಿಮುಟ್ಟಾಗುತ್ತದೆ ಎಂದು ಕಂಡುಕೊಂಡ. ಟೈರಿಗೂ ಫುಟ್‌ರೆಸ್ಟ್ ರಬ್ಬರಿಗೂ ಕಪ್ಪು ಬಣ್ಣ ಬರುವುದು ಅದರಲ್ಲಿ ಬೆರೆಸುವ ನುಣುಪಾದ ಇಂಗಾಲದ ಪುಡಿಯಿಂದ. ಅದು ಸವೆತವನ್ನೂ ಬಿಸಿಲಿನ ಪೆಟ್ಟನ್ನೂ ತಡೆಯುತ್ತದೆ.

ಆದರೂ ರಬ್ಬರಿಗೆ ಶತ್ರುಗಳು ಬಹಳ. ಬಿಸಿಲು ಒಂದು. ಗಾಳಿಯಲ್ಲಿ ಅಲ್ಪಸ್ವಲ್ಪ ಇರುವ ಓಝೋನ್ ಎರಡನೆಯದು. ಅದು ಹಿಗ್ಗಿ ನಿಂತ ರಬ್ಬರನ್ನು ಹುಡುಕಿಕೊಂಡು ಹೋಗಿ ಬಿರುಕು ಬಿಡಿಸುತ್ತದೆ. ಮೂರನೆಯದು ಎಣ್ಣೆ, ಪೆಟ್ರೋಲ್, ಗ್ರೀಸ್. ಇವು ತಾಗಿದರೆ ಸಾಧಾರಣ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಮಕ್ಕಳೇ, ಇದನ್ನು ಮನೆಯಲ್ಲೇ ನೋಡಬಹುದು. ಒಂದೇ ಪೊಟ್ಟಣದಿಂದ ಮೂರು ರಬ್ಬರ್ ಬ್ಯಾಂಡ್ ತೆಗೆದುಕೊಳ್ಳಿ. ಒಂದನ್ನು ರಟ್ಟಿನ ಸುತ್ತ ಬಿಗಿಯಾಗಿ ಎಳೆದು ಹಾಕಿ, ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಎರಡನೆಯದನ್ನು ಚಮಚ ಕೊಬ್ಬರಿ ಎಣ್ಣೆಯಲ್ಲಿ ಅದ್ದಿಡಿ. ಮೂರನೆಯದು ಡ್ರಾಯರಿನ ಕತ್ತಲಲ್ಲಿ ಸುಮ್ಮನಿರಲಿ. ಎರಡು ವಾರ ಬಿಟ್ಟು ಮೂರನ್ನೂ ಪಕ್ಕಪಕ್ಕ ಇಟ್ಟು, ಎಳೆದು ನೋಡಿ. ನಾನು ಹೇಳಿದ್ದು ನಿಜವೋ ಸುಳ್ಳೋ ನಿಮಗೇ ತಿಳಿಯುತ್ತದೆ.

ಐದು ನಿಮಿಷದ ಪರೀಕ್ಷೆ

ಗಾಡಿ ಆಫ್ ಆಗಿರಬೇಕು, ಇಂಜಿನ್, ಸೈಲೆನ್ಸರ್ ತಣ್ಣಗಿರಬೇಕು, ಸೆಂಟರ್ ಸ್ಟ್ಯಾಂಡ್ ಹಾಕಿರಬೇಕು. ದೊಡ್ಡವರೊಬ್ಬರು ಜೊತೆಗಿರಬೇಕು.

ಮೊದಲು ಕಣ್ಣಿನಿಂದ ನೋಡಿ: ಗೀರುಗಳು ಇವೆಯೇ, ಬಿರುಕು ಬಿಟ್ಟಿದೆಯೇ, ಕಬ್ಬಿಣ ಕಾಣುತ್ತಿದೆಯೇ? ಆಮೇಲೆ ಬೆರಳಿನಿಂದ ಒತ್ತಿ. ಉಗುರು ಸ್ವಲ್ಪವೂ ಇಳಿಯದಷ್ಟು ಗಟ್ಟಿಯಾಗಿದ್ದರೆ ಗೀರು ಇದ್ದೂ ಉಪಯೋಗವಿಲ್ಲ. ಮೂರನೆಯದಾಗಿ, ರಬ್ಬರನ್ನು ಮುಷ್ಟಿಯಲ್ಲಿ ಹಿಡಿದು ತಿರುಚಿ, ಹೊರಕ್ಕೆ ಎಳೆಯಿರಿ. ಸುತ್ತಿದರೆ ಅಥವಾ ಜಾರಿ ಬಂದರೆ ಅದು ಸಡಿಲವಾಗಿದೆ. ಸಡಿಲವಾದದ್ದು ಬೋಳಾದದ್ದಕ್ಕಿಂತ ಅಪಾಯ, ತುಳಿದವರ ಕಾಲನ್ನೂ ತನ್ನ ಜೊತೆ ತಿರುಗಿಸಿಬಿಡುತ್ತದೆ. ಕೊನೆಗೆ ಹಿಂದಿನ ಫುಟ್‌ರೆಸ್ಟನ್ನು ಮಡಚಿ ಬಿಚ್ಚಿ. ಬಿಚ್ಚಿದಾಗ ಗಟ್ಟಿಯಾಗಿ ನಿಲ್ಲಬೇಕು. ಅದನ್ನು ಹಿಡಿದಿರುವ ಪಿನ್ನು, ಪಿನ್ನಿನ ತುದಿಯ ಲಾಕು ಇವೆಯೇ ನೋಡಿ. ಪಿನ್ನೇ ಸವೆದು ಅಲ್ಲಾಡುತ್ತಿದ್ದರೆ ಬರೀ ರಬ್ಬರ್ ಬದಲಿಸಿ ಫಲವಿಲ್ಲ, ಮೆಕ್ಯಾನಿಕ್‌ಗೆ ತೋರಿಸಬೇಕು.

ಹೊಸದು ಹಾಕುವ ಕ್ರಮ

ನಮ್ಮ ಪರೀಕ್ಷೆಯಲ್ಲಿ ಎಡಗಡೆಯದು ಫೇಲಾಯಿತು. ಆ ದಿನ ಮೊಮ್ಮಗಳು ಪಾಠಕ್ಕೆ ನಡೆದುಕೊಂಡೇ ಹೋದಳು. ಮಗ ಬಿಡಿಭಾಗದ ಅಂಗಡಿಗೆ ಹೋಗಿ ಅದೇ ಗಾಡಿಯ ಹಿಂದಿನ ಫುಟ್‌ರೆಸ್ಟ್ ರಬ್ಬರ್ ಒಂದು ಜೊತೆ ತಂದ. ಹಳೆಯದನ್ನು ಬಿಚ್ಚಿ ಕೈಯಲ್ಲಿ ಒಯ್ದರೆ ಅಳತೆ ತಪ್ಪುವುದಿಲ್ಲ. "ಬಲಗಡೇದು ಚೆನ್ನಾಗಿದೆಯಲ್ಲ, ಅದನ್ನೇ ಎಡಕ್ಕೆ ಹಾಕಿದ್ರೆ?" ಅಂತ ಮೊಮ್ಮಗಳು ವಾಪಸ್ ಬಂದು ಕೇಳಿದಳು. ಗುಮಾಸ್ತನ ಮೊಮ್ಮಗಳು! ಹಾಗೆ ಮಾಡಿದರೆ ಬೋಳು ಬಲಕ್ಕೆ ಹೋಗುತ್ತದೆಯೇ ಹೊರತು ತೀರುವುದಿಲ್ಲ. ಬಲಗಡೆಯ ಒಳ್ಳೆಯದನ್ನು ಬಿಚ್ಚಿ ಮುಂದಕ್ಕೆ ಇಟ್ಟುಕೊಳ್ಳೋಣ ಅಂದೆ.

ತೊಡಿಸುವ ಜಾತಿಯ ರಬ್ಬರಾದರೆ ಹೀಗೆ ಮಾಡಬೇಕು. ಹಳೆಯದು ಎಳೆದರೆ ಬಾರದಿದ್ದಾಗ ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಬೇಕು. ಇದು ದೊಡ್ಡವರ ಕೆಲಸ, ಬ್ಲೇಡು ನಮ್ಮಿಂದ ಆಚೆಗೆ ಹೋಗಬೇಕು. ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದಿದ್ದರೆ ಎಮರಿ ಪೇಪರಿನಲ್ಲಿ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಬೇಕು. ತುಕ್ಕಿನ ಚೂಪು ಬಿಟ್ಟರೆ ಹೊಸ ರಬ್ಬರನ್ನು ಒಳಗಿನಿಂದಲೇ ಹರಿಯುತ್ತದೆ.

ಹೊಸ ರಬ್ಬರನ್ನು ಬಿಸಿನೀರಿನಲ್ಲಿ ಐದು ನಿಮಿಷ ನೆನೆಸಿದರೆ ಮೆತ್ತಗಾಗುತ್ತದೆ. ಕಬ್ಬಿಣದ ಮೇಲೂ ರಬ್ಬರಿನ ಒಳಗೂ ಸೋಪಿನ ನೀರು ಸವರಿ, ಆಚೀಚೆ ತಿರುಚುತ್ತಾ ಒತ್ತಿದರೆ ಒಳಗೆ ಹೋಗುತ್ತದೆ. ಬಿಗಿಯಾದರೆ ಮರದ ತುಂಡು ಅಡ್ಡ ಇಟ್ಟು ಮೆಲ್ಲಗೆ ತಟ್ಟಬೇಕು. ಗೀರು ಇರುವ ಮುಖ ಮೇಲೆ ಬರಬೇಕು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ: ಸಲೀಸಾಗಿ ಹೋಗಲಿ ಅಂತ ಎಣ್ಣೆಯನ್ನೋ ಗ್ರೀಸನ್ನೋ ಹಚ್ಚುವುದು. ಸಲೀಸಾಗಿ ಹೋದದ್ದು ಸಲೀಸಾಗಿ ಆಚೆಗೂ ಬರುತ್ತದೆ. ಮೇಲಾಗಿ ಎಣ್ಣೆ ರಬ್ಬರನ್ನು ಉಬ್ಬಿಸುತ್ತದೆ. ಸೋಪಿನ ನೀರು ಹಾಗಲ್ಲ, ಒಣಗಿದ ಮೇಲೆ ಜಾರಿಸುವುದಿಲ್ಲ. ಒಂದು ರಾತ್ರಿ ಒಣಗಲು ಬಿಟ್ಟು, ಬೆಳಿಗ್ಗೆ ತಿರುಚಿ ನೋಡಿ ಆಮೇಲೆ ಬಳಸಿ.

ಎಲ್ಲ ಗಾಡಿಗೂ ಇದೇ ಕ್ರಮವಲ್ಲ. ಕೆಲವಕ್ಕೆ ರಬ್ಬರಿನ ಕೆಳಗಿನ ಮೊಳಕೆಗಳನ್ನು ಕಬ್ಬಿಣದ ತೂತಿಗೆ ತೂರಿಸಿ, ಕೆಳಗಿನಿಂದ ಕಟಿಂಗ್ ಪ್ಲೇಯರಿನಲ್ಲಿ ಎಳೆಯಬೇಕು. ಕೆಲವಕ್ಕೆ ಕೆಳಗಡೆ ಬೋಲ್ಟ್ ಇರುತ್ತದೆ. ಬಿಚ್ಚುವಾಗಲೇ ಗಮನಿಸಿದರೆ ಹಾಕುವುದು ತಾನಾಗಿ ತಿಳಿಯುತ್ತದೆ.

ತೇಪೆ ಹಾಕಬಹುದೇ? ನಮ್ಮ ಕಾಲದಲ್ಲಿ ಹಳೆ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಕಾಲುಚೀಲದ ಹಾಗೆ ತೊಡಿಸುತ್ತಿದ್ದೆವು. ಅಂಗಡಿ ಇಲ್ಲದ ಊರಿನಲ್ಲಿ ಮನೆ ಸೇರುವ ತನಕ ಅದು ಸಾಕು. ಆದರೆ ಟ್ಯೂಬು ನುಣುಪು, ಮಳೆಯಲ್ಲಿ ಜಾರುತ್ತದೆ. ತುದಿಯಲ್ಲಿ ಸಣ್ಣ ಸೀಳಿದ್ದರೆ ಉಜ್ಜಿ, ಪಂಕ್ಚರ್ ಸೊಲ್ಯೂಷನ್ ಎರಡೂ ಕಡೆ ತೆಳ್ಳಗೆ ಹಚ್ಚಿ, ಆರಿದ ಮೇಲೆ ಅದುಮಿದರೆ ಅಂಟುತ್ತದೆ. ಗೀರು ಸವೆದದ್ದಕ್ಕೆ ಮಾತ್ರ ತೇಪೆಯಿಲ್ಲ. ಇನ್ಸುಲೇಷನ್ ಟೇಪ್ ಸುತ್ತುವುದಂತೂ ಜಾರುವುದಕ್ಕೆ ದುಡ್ಡು ಕೊಟ್ಟ ಹಾಗೆ.

ಹಿಂದೆ ಕೂತವರ ಪಾಲು

ಹಿಂದೆ ಕೂರುವವರ ಬಗ್ಗೆ ಕಾನೂನೂ ಯೋಚಿಸಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದ ಪ್ರಕಾರ ಪ್ರತಿ ಮೋಟಾರ್ ಸೈಕಲ್ಲಿನಲ್ಲೂ ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಫುಟ್‌ರೆಸ್ಟ್ ಇರಬೇಕು. ಬಟ್ಟೆ ಚಕ್ರಕ್ಕೆ ಸಿಗದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಹಾಗೆ ಮರೆಯೂ ಇರಬೇಕು. ನಾವು ಸೀರೆ ಗಾರ್ಡ್ ಅನ್ನುವುದು ಅದನ್ನೇ. ಚಾಲಕನ ಹಿಂದೆ ಒಬ್ಬರಿಗಿಂತ ಹೆಚ್ಚು ಕೂರಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಒಯ್ಯುವಾಗ ಚಾಲಕನಿಗೆ ಕಟ್ಟುವ ಸುರಕ್ಷಾ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂದು 2022ರಲ್ಲಿ ನಿಯಮ ಬಂದಿದೆ. ಒಂಬತ್ತು ತಿಂಗಳು ತುಂಬಿದ ಮಗುವಿಗೆ ಹೆಲ್ಮೆಟ್ಟೂ ಬೇಕು. ಅಷ್ಟು ಚಿಕ್ಕ ಮಕ್ಕಳ ಕಾಲು ಫುಟ್‌ರೆಸ್ಟಿಗೆ ಎಟುಕುವುದೇ ಇಲ್ಲವಲ್ಲ.

ಆದರೆ ಫುಟ್‌ರೆಸ್ಟ್ ಇದೆಯೇ ಎಂದು ಕಾನೂನು ನೋಡಬಹುದು, ಅದರ ರಬ್ಬರ್ ಸವೆದಿದೆಯೇ ಎಂದು ದಿನವೂ ಬಗ್ಗಿ ನೋಡುವವರು ಮನೆಯವರೇ. ಅದಕ್ಕೇ ಮಕ್ಕಳಿಗೆ ಹೇಳುತ್ತೇನೆ: ಬೈಕಿನ ಹಿಂದೆ ಹೆಚ್ಚು ಕೂರುವವರು ನೀವು, ನಿಮ್ಮ ಅಮ್ಮ, ಅಜ್ಜಿ. ಕಾಲು ಜಾರಿದರೆ ಸುಮ್ಮನಿರಬೇಡಿ. ಅಪ್ಪ ಸುಸ್ತಾಗಿದ್ದರೂ ಹೇಳಿ.

ನಾವು ಅಂಗಳದಲ್ಲಿ ಕೂತು ಬಿಸಿನೀರಿಗೆ ರಬ್ಬರ್ ಹಾಕುವಾಗ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಚಳಿ ಶುರುವಾದರೆ ಇವತ್ತಿಗೂ ಆ ಕಾಲು ಅವಳಿಗೆ ನೋಯುತ್ತದೆ. ಮಗನಿಗೆ ಆ ಕಥೆ ಸರಿಯಾಗಿ ಗೊತ್ತಿರಲಿಲ್ಲ. ಅಮ್ಮ ಎಲ್ಲೋ ಬಿದ್ದಿದ್ದಳು ಅಂತಷ್ಟೇ ತಿಳಿದಿದ್ದ. ಆ ದಿನ ಪೂರ್ತಿ ಹೇಳಿದೆ. ಮೆಕ್ಯಾನಿಕ್ ಕೇಳಿದ್ದು, ನಾನು ಬೇಡ ಅಂದದ್ದು, ಅವಳು ಕೈ ಊರದೆ ಯಾರನ್ನು ಹಿಡಿದುಕೊಂಡಿದ್ದಳು ಎಂಬುದು, ಎಲ್ಲವನ್ನೂ. ಅವನು ಏನೂ ಮಾತಾಡಲಿಲ್ಲ. ಎಮರಿ ಪೇಪರ್ ತೆಗೆದುಕೊಂಡು ಕಬ್ಬಿಣವನ್ನು ಬಹಳ ಹೊತ್ತು ಉಜ್ಜಿದ.

ಮರುದಿನ ಬೆಳಿಗ್ಗೆ ರಬ್ಬರ್ ಒಣಗಿತ್ತು. ಮೊಮ್ಮಗಳು ತಿರುಚಿ ನೋಡಿದಳು, ಅಲ್ಲಾಡಲಿಲ್ಲ. "ಅಜ್ಜಿ, ಮೊದಲು ನೀವು" ಅಂದಳು. ಮಗ ಗಾಡಿ ಗಟ್ಟಿಯಾಗಿ ಹಿಡಿದ. ಅಜ್ಜಿ ನನ್ನ ಹೆಗಲಿನ ಮೇಲೆ ಕೈಯಿಟ್ಟು, ಫುಟ್‌ರೆಸ್ಟ್ ಮೇಲೆ ಎಡಗಾಲು ಊರಿ, ಒಂದು ಸಲ ಭಾರ ಬಿಟ್ಟು ನೋಡಿದಳು.

"ಹೂಂ, ಹಿಡಿಯುತ್ತೆ" ಅಂದಳು.

ಮೊಮ್ಮಗಳು ಒಳಗೆ ಹೋಗಿ ನನ್ನ ಪುಸ್ತಕ ತಂದು, ತಾರೀಕು ಹಾಕಿ, ತನ್ನ ದುಂಡು ಅಕ್ಷರದಲ್ಲಿ ಬರೆದಳು: 'ಹಿಂದಿನ ರಬ್ಬರ್, 1 ಜೊತೆ'.